ಮೊದಲು ಕಾರಣ, ಆಮೇಲೆ ಕಸರತ್ತು: ಬಾಯಿ ಮತ್ತು ಮುಖದ ಸ್ನಾಯುಗಳ ಚಿಕಿತ್ಸೆ

ಕನ್ನಡ ವ್ಯಾಕರಣದಲ್ಲಿ ನಾವೆಲ್ಲ ವರ್ಗೀಯ ವ್ಯಂಜನಗಳನ್ನು ಕಲಿತಿದ್ದೇವೆ. ಕ ವರ್ಗ ಕಂಠ್ಯ, ಚ ವರ್ಗ ತಾಲವ್ಯ, ಟ ವರ್ಗ ಮೂರ್ಧನ್ಯ, ತ ವರ್ಗ ದಂತ್ಯ, ಪ ವರ್ಗ ಓಷ್ಠ್ಯ. ಅಂದರೆ ನಮ್ಮ ಅಕ್ಷರಮಾಲೆ ಗಂಟಲಿನಿಂದ ಹೊರಟು ಅಂಗುಳ, ಹಲ್ಲು ದಾಟಿ ತುಟಿಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಹಲವರು ಇದೇ ಪಾಠವನ್ನು ಇನ್ನೊಂದು ಕಡೆಯೂ ಕಲಿತಿದ್ದೇವೆ. ಮದ್ರಸಾದಲ್ಲಿ ಉಸ್ತಾದರು ತಜ್ವೀದ್ ಹೇಳಿಕೊಡುವಾಗ ಪ್ರತಿ ಅಕ್ಷರದ ಮಖ್ರಜ್ ತೋರಿಸುತ್ತಿದ್ದರು. 'ದ್ವಾದ್' ಹೇಳುವಾಗ ನಾಲಿಗೆಯ ಅಂಚು ಮೇಲಿನ ದವಡೆಹಲ್ಲಿಗೆ ತಾಗಬೇಕು ಎಂದು ಹತ್ತಾರು ಬಾರಿ ಹೇಳಿಸುತ್ತಿದ್ದರು. ಎಂಟನೇ ಶತಮಾನದ ಅರಬ್ಬೀ ವ್ಯಾಕರಣಕಾರ ಸೀಬವೈಹಿ ಇಂಥ 16 ಉಚ್ಚಾರಣಾ ಸ್ಥಾನಗಳನ್ನು ವಿವರಿಸಿದ್ದಾರೆ.

ಈ ಎರಡೂ ಪಾಠಗಳಲ್ಲಿ ಒಂದು ವಿಷಯ ಅಡಗಿದೆ. ನಾಲಿಗೆ ಒಂದು ಸ್ನಾಯು, ಅದಕ್ಕೆ ಕಲಿಸಬಹುದು. ಮೊದಲ ದಿನ ಬಾರದ 'ದ್ವಾದ್' ಮೂರು ತಿಂಗಳ ಅಭ್ಯಾಸದ ನಂತರ ಯೋಚಿಸದೆಯೇ ಬರುತ್ತದೆ. ಬಾಯಿ, ತುಟಿ, ಕೆನ್ನೆ, ದವಡೆ, ಮುಖದ ಸ್ನಾಯುಗಳಲ್ಲಿ ತೊಂದರೆ ಇರುವ ಮಕ್ಕಳಿಗೆ ಮತ್ತು ದೊಡ್ಡವರಿಗೆ ಕೊಡುವ ವ್ಯಾಯಾಮ ಚಿಕಿತ್ಸೆ ನಿಂತಿರುವುದು ಇದೇ ತತ್ವದ ಮೇಲೆ. ಇದಕ್ಕೆ ಓರೋಫೇಶಿಯಲ್ ಮಯೋಫಂಕ್ಷನಲ್ ಥೆರಪಿ ಎಂಬ ಉದ್ದನೆಯ ಹೆಸರಿದೆ. ಅಮೆರಿಕದ ದಂತವೈದ್ಯ ಆಲ್ಫ್ರೆಡ್ ರೋಜರ್ಸ್ 1918ರಲ್ಲಿ ಮುಖದ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದಂದಿನಿಂದ ಇದು ವೈದ್ಯರ ನಡುವೆ ಚರ್ಚೆಯಲ್ಲಿದೆ. ಆದರೆ ನಮ್ಮ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಇಂಥದ್ದೊಂದು ಚಿಕಿತ್ಸೆ ಇದೆ ಎಂದು ತಿಳಿದವರು ಕಡಿಮೆ. ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರಿಗೆ ಬಂದಾಗಲೇ ಗೊತ್ತಾಯಿತು.

ಮೂರು ನರಗಳ ಲೆಕ್ಕ

ಮೊದಲು ಸ್ವಲ್ಪ ಜೀವಶಾಸ್ತ್ರ. ಮನುಷ್ಯನಿಗೆ 12 ಜೊತೆ ಕಪಾಲ ನರಗಳಿವೆ. ನಮ್ಮ ವಿಷಯಕ್ಕೆ ಇವುಗಳಲ್ಲಿ ಮೂರು ಮುಖ್ಯ. ಅಗಿಯುವ ಸ್ನಾಯುಗಳನ್ನು ನಡೆಸುವುದು ಐದನೆಯದು. ನಗುವುದು, ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು, ತುಟಿ ಬಿಗಿಹಿಡಿಯುವುದು ಏಳನೆಯದರ ಕೆಲಸ. ನಾಲಿಗೆಯ ಚಲನೆ ಹೆಚ್ಚುಕಡಿಮೆ ಪೂರ್ತಿಯಾಗಿ ಹನ್ನೆರಡನೆಯದರ ಕೈಯಲ್ಲಿದೆ.

ತೋಳಿನ ಸ್ನಾಯು ಎರಡೂ ತುದಿಯಲ್ಲಿ ಮೂಳೆಗೆ ಅಂಟಿರುತ್ತದೆ. ಮುಖದ ಸ್ನಾಯುಗಳಲ್ಲಿ ಹೆಚ್ಚಿನವು ಹಾಗಲ್ಲ. ಅವುಗಳ ಒಂದು ತುದಿ ಚರ್ಮಕ್ಕೆ ಅಂಟಿರುತ್ತದೆ. ಅದಕ್ಕೇ ಸಣ್ಣ ಸೆಳೆತವಾದರೂ ಮುಖದ ಮೇಲೆ ಭಾವನೆಯಾಗಿ ಕಾಣುತ್ತದೆ. ಅಲ್ಲಿ ತೊಂದರೆಯಾದರೆ ಅದೂ ಎಲ್ಲರಿಗೂ ಕಾಣುತ್ತದೆ. ಕಾಲು ನೋವನ್ನು ಯಾರಿಗೂ ಹೇಳದೆ ಇರಬಹುದು, ಸೊಟ್ಟಗಾದ ಬಾಯಿಯನ್ನು ಎಲ್ಲಿ ಬಚ್ಚಿಡುವುದು? ಇಂಥ ರೋಗಿಗಳು ಮದುವೆ, ಜುಮಾ, ಸಂತೆ ಎಲ್ಲದರಿಂದಲೂ ದೂರ ಉಳಿಯುವುದಕ್ಕೆ ನೋವಿಗಿಂತ ನಾಚಿಕೆಯೇ ಕಾರಣ.

'ಲಕ್ವಾ' ಎಂಬ ಒಂದು ಪದ, ಎರಡು ಕಾಯಿಲೆ

ನಮ್ಮ ಚಾಚಾ ಗುಂಜಿಯಲ್ಲಿದ್ದಾರೆ. ಟೆಂಪೋ ಓಡಿಸುತ್ತಾರೆ. ಒಂದು ದಿನ ಫಜ್ರ್ ನಮಾಜಿಗೆ ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದ ನೀರು ಎಡಗಡೆಯಿಂದ ತಾನಾಗಿಯೇ ಸೋರಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಮನೆಯವರೆಲ್ಲ "ಲಕ್ವಾ ಹೊಡೆದಿದೆ" ಎಂದು ಗಾಬರಿಯಾದರು. ಒಬ್ಬರು ಪಾರಿವಾಳದ ಸಾರು ಕುಡಿಸಿ ಅಂದರು. ಇನ್ನೊಬ್ಬರು ಹಳ್ಳಿಯ ಔಷಧಿ ಕೊಡುವವರ ಹೆಸರು ಹೇಳಿದರು. ಚಾಚಿ ಮಾತ್ರ ಯಾರ ಮಾತನ್ನೂ ಕೇಳದೆ ಅವರನ್ನು ಬೆಳಗಾವಿಗೆ ಕರೆದುಕೊಂಡು ಹೋದರು.

'ಲಕ್ವಾ' ಎಂಬುದು ಅರಬ್ಬೀ ಪದ. ಉರ್ದು, ಮರಾಠಿ, ನಮ್ಮ ಕಡೆಯ ಕನ್ನಡ ಎಲ್ಲದರಲ್ಲೂ ಬಳಕೆಯಲ್ಲಿದೆ. ಹಳೆಯ ಅರಬ್ಬೀ ವೈದ್ಯಗ್ರಂಥಗಳಲ್ಲಿ ಅದರ ಅರ್ಥ ಮುಖ ಸೊಟ್ಟಗಾಗುವ ರೋಗ ಎಂದು ಮಾತ್ರ. ಇಂದಿನ ಟೆಹರಾನ್ ಹತ್ತಿರದ ರಯ್ ನಗರದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ವೈದ್ಯ ಅಲ್-ರಾಝಿ ತಮ್ಮ ಬೃಹತ್ ಗ್ರಂಥ 'ಅಲ್-ಹಾವಿ'ಯಲ್ಲಿ ಇದನ್ನು ವಿವರಿಸಿದ್ದಾರೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 1821ರಲ್ಲಿ ಮುಖದ ನರದ ಬಗ್ಗೆ ಬರೆದ ಮೇಲೆ ಇದಕ್ಕೆ 'ಬೆಲ್ಸ್ ಪಾಲ್ಸಿ' ಎಂಬ ಹೆಸರು ಬಂತು. ಆದರೆ ನಮ್ಮ ಊರುಗಳಲ್ಲಿ ಕಾಲಕ್ರಮೇಣ 'ಲಕ್ವಾ' ಎಂದರೆ ಕೈಕಾಲು ಬಿದ್ದುಹೋಗುವ ಪಾರ್ಶ್ವವಾಯು, ಅಂದರೆ ಸ್ಟ್ರೋಕ್ ಎಂಬ ಅರ್ಥವೂ ಸೇರಿಕೊಂಡಿತು. ಎರಡು ಬೇರೆ ಕಾಯಿಲೆಗಳಿಗೆ ಒಂದೇ ಹೆಸರಾಯಿತು. ಅಪಾಯ ಇರುವುದು ಇಲ್ಲಿಯೇ.

ಬೆಲ್ಸ್ ಪಾಲ್ಸಿಯಲ್ಲಿ ಮಿದುಳಿಗೆ ಏನೂ ಆಗಿರುವುದಿಲ್ಲ. ಏಳನೇ ನರ ಕಿವಿಯ ಹಿಂದಿನ ಮೂಳೆಯ ಕಿರಿದಾದ ಕೊಳವೆಯಲ್ಲಿ ಹಾದುಬರುತ್ತದೆ. ಅಲ್ಲಿ ನರ ಊದಿಕೊಂಡರೆ ಜಾಗ ಸಾಲದೆ ಒತ್ತಡ ಬೀಳುತ್ತದೆ, ಮುಖದ ಆ ಬದಿ ಪೂರ್ತಿ ನಿಂತುಹೋಗುತ್ತದೆ. ಸ್ಟ್ರೋಕ್‌ನಲ್ಲಿ ಮಿದುಳಿನ ರಕ್ತನಾಳ ಕಟ್ಟಿಕೊಂಡಿರುತ್ತದೆ ಅಥವಾ ಒಡೆದಿರುತ್ತದೆ. ವೈದ್ಯರು ಚಾಚಾಗೆ ಮೊದಲು ಹೇಳಿದ್ದು, "ಹುಬ್ಬು ಮೇಲೆತ್ತಿ." ಎಡ ಹುಬ್ಬು ಏಳಲಿಲ್ಲ, ಹಣೆಯಲ್ಲಿ ಗೆರೆ ಮೂಡಲಿಲ್ಲ. ಹಣೆಗೆ ಮಿದುಳಿನ ಎರಡೂ ಬದಿಯಿಂದ ಅಪ್ಪಣೆ ಬರುವುದರಿಂದ ಸಾಮಾನ್ಯವಾಗಿ ಸ್ಟ್ರೋಕ್‌ನಲ್ಲಿ ಬಾಯಿ ಸೊಟ್ಟಗಾದರೂ ಹಣೆಯ ಗೆರೆ ಉಳಿದಿರುತ್ತದೆ. ನರವೇ ಕೆಟ್ಟಾಗ ಹಣೆಯೂ ಹೋಗುತ್ತದೆ. ಒಂದು ಸಣ್ಣ ಪರೀಕ್ಷೆ ಎಷ್ಟು ಹೇಳುತ್ತದೆ ನೋಡಿ.

ಆದರೆ ಈ ಪರೀಕ್ಷೆ ವೈದ್ಯರಿಗೆ, ನಮಗಲ್ಲ. ನಾವು ಮಾಡಬೇಕಾದ್ದು ಒಂದೇ. ಬಾಯಿ ಸೊಟ್ಟಗಾಗಿ, ಅದರ ಜೊತೆ ಕೈ ಅಥವಾ ಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ, ನೋಟ ಮಂಜಾದರೆ, ನಡಿಗೆ ತೂರಾಡಿದರೆ ಅದನ್ನು ಸ್ಟ್ರೋಕ್ ಎಂದೇ ತಿಳಿದು ತಕ್ಷಣ 108ಕ್ಕೆ ಫೋನ್ ಮಾಡಬೇಕು. ಬರೀ ಬಾಯಿ ಸೊಟ್ಟಗಾಗಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸುಮಾರು ನಾಲ್ಕೂವರೆ ಗಂಟೆ ಮಾತ್ರ ಸಮಯವಿರುತ್ತದೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಕಾಡಿನ ನಡುವಿನ ನಮ್ಮ ಊರುಗಳಿಂದ ಬೆಳಗಾವಿ ತಲುಪಲು ಬೇಕಾಗುವ ಹೊತ್ತನ್ನು ಇದರಲ್ಲಿ ಕಳೆದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ನೀವೇ ಮಾಡಿ.

ಇನ್ನೊಂದು ಮಾತು. ಸ್ಟ್ರೋಕ್ ಆದವರಿಗೆ ನುಂಗುವ ಸ್ನಾಯುಗಳೂ ದುರ್ಬಲವಾಗಿರಬಹುದು. ನೀರು, ಚಹಾ, ಸಾರು, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು. ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಪ್ರೀತಿಯಿಂದ ಕುಡಿಸಿದ ಸಾರೇ ಜೀವಕ್ಕೆ ಮುಳುವಾಗಬಹುದು. ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ನುಂಗುವಿಕೆಯನ್ನು ಪರೀಕ್ಷಿಸಿ, ಎಷ್ಟು ಗಟ್ಟಿಯ ಆಹಾರ ಕೊಡಬೇಕು, ತಲೆ ಹೇಗೆ ಹಿಡಿಯಬೇಕು, ಎಷ್ಟೆಷ್ಟು ಗುಟುಕು ಎಂದು ಹೇಳಿಕೊಡುತ್ತಾರೆ. ಮಾತು ಕಲಿಸುವವರೇ ನುಂಗುವುದನ್ನೂ ಕಲಿಸುತ್ತಾರೆ, ಏಕೆಂದರೆ ಎರಡಕ್ಕೂ ಬೇಕಾದ ಸ್ನಾಯುಗಳು ಬಹುಪಾಲು ಅವೇ.

ಕನ್ನಡಿಯ ಮುಂದಿನ ಪಾಠ

ಚಾಚಾಗೆ ಆಗಿದ್ದು ಬೆಲ್ಸ್ ಪಾಲ್ಸಿ. ವೈದ್ಯರು ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ಇದನ್ನು 72 ಗಂಟೆಯೊಳಗೆ ಶುರುಮಾಡಿದರೆ ಲಾಭ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಮಾತ್ರೆ ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳ ನಂತರ 100ಕ್ಕೆ 94 ಮಂದಿ ಪೂರ್ತಿ ಗುಣವಾಗಿದ್ದರು. ತೆಗೆದುಕೊಳ್ಳದವರಲ್ಲಿ ಗುಣವಾದವರು ಸುಮಾರು 82. ಈ ಲೆಕ್ಕವನ್ನು ಎರಡು ಬಾರಿ ಓದಬೇಕು. ಏನೂ ಮಾಡದಿದ್ದರೂ ಬಹಳ ಮಂದಿಗೆ ತಾನಾಗಿಯೇ ಗುಣವಾಗುತ್ತದೆ. ಪಾರಿವಾಳದ ಸಾರಿಗೂ ಕಿವಿಗೆ ಹಾಕುವ ಎಣ್ಣೆಗೂ ಹೆಸರು ಬಂದಿರುವುದು ಹೀಗೆಯೇ. ಮೂರು ದಿನ ಅದರಲ್ಲೇ ಕಳೆದುಹೋದರೆ, ಮಾತ್ರೆಯಿಂದ ಗುಣವಾಗಬಹುದಾಗಿದ್ದ ಆ ಹನ್ನೆರಡು ಮಂದಿಯ ಅವಕಾಶ ಕೈತಪ್ಪುತ್ತದೆ.

ಮಾತ್ರೆಯ ಜೊತೆ ಕಣ್ಣಿನ ಕಾಳಜಿ. ಕಣ್ಣು ಮುಚ್ಚದಿದ್ದರೆ ಕರಿಗುಡ್ಡೆಯ ಮೇಲಿನ ಪೊರೆ ಒಣಗಿ ಗಾಯವಾಗುತ್ತದೆ. ಹಗಲು ಹನಿ ಔಷಧಿ, ಕನ್ನಡಕ. ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್. ಊಟ ಮಾಡುವಾಗ ಅನ್ನ ಕೆನ್ನೆ ಮತ್ತು ಒಸಡಿನ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಆಹಾರವನ್ನು ಹಲ್ಲಿನ ಕೆಳಗೆ ತಳ್ಳುವ ಕೆನ್ನೆಯ ಸ್ನಾಯು ಕೂಡ ಏಳನೇ ನರದ್ದೇ.

ಆಮೇಲೆ ವ್ಯಾಯಾಮ. ಫಿಸಿಯೋಥೆರಪಿಸ್ಟ್ ಅವರನ್ನು ಕನ್ನಡಿಯ ಮುಂದೆ ಕೂರಿಸಿ ಹುಬ್ಬು ಏರಿಸುವುದು, ಮೂಗು ಸುಕ್ಕಾಗಿಸುವುದು, ತುಟಿ ಮುಂದೆ ಮಾಡುವುದು, ಹಲ್ಲು ಕಾಣದಂತೆ ನಗುವುದು ಹೇಳಿಕೊಟ್ಟರು. ಎಲ್ಲವೂ ನಿಧಾನ, ಎಲ್ಲವೂ ಹಗುರ. ಚಾಚಾ ಟೆಂಪೋ ಗೇರ್ ಹಾಕಿದ ಹಾಗೆ ಬಲ ಹಾಕಿದಾಗ ಅವರು ತಡೆದರು. ನರದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪುವುದುಂಟು. ತುಟಿಗೆ ಹೋಗಬೇಕಾದ ಎಳೆ ಕಣ್ಣಿಗೆ ಹೋಗಿ ಸೇರಿದರೆ ಜೀವಮಾನವಿಡೀ ನಕ್ಕಾಗಲೆಲ್ಲ ಕಣ್ಣು ಮುಚ್ಚುತ್ತದೆ. ಬಲವಂತವಾಗಿ ಮುಖ ಕಿವುಚಿದರೆ ಈ ತಪ್ಪು ಚಲನೆಯೇ ರೂಢಿಯಾಗುತ್ತದೆ. ಕನ್ನಡಿ ಬೇಕಾಗಿರುವುದು ಅದಕ್ಕೇ. ಯಾವ ಸ್ನಾಯು ಎದ್ದಿದೆ, ಯಾವುದು ಕರೆಯದೆ ಬಂದಿದೆ ಎಂದು ಕಣ್ಣಿನಿಂದ ನೋಡಿ ತಿದ್ದಬೇಕು. ಮೂರನೇ ವಾರಕ್ಕೆ ಚಾಚಾರ ಹುಬ್ಬು ಅಲುಗಿತು. ಎರಡೂವರೆ ತಿಂಗಳಿಗೆ ನಗು ಮರಳಿತು, ಅಲ್‌ಹಮ್ದುಲಿಲ್ಲಾಹ್.

ಮಕ್ಕಳ ಬಾಯಿ

ಮಕ್ಕಳಲ್ಲಿ ಈ ತೊಂದರೆಗಳು ಸದ್ದಿಲ್ಲದೆ ಬರುತ್ತವೆ. ಸದಾ ಬಾಯಿ ತೆರೆದುಕೊಂಡಿರುವ ಮಗು, ರಾತ್ರಿ ಗೊರಕೆ ಹೊಡೆಯುವ ಮಗು, ನಾಲ್ಕು ವರ್ಷ ದಾಟಿದರೂ ಹೆಬ್ಬೆರಳು ಚೀಪುವ ಮಗು, ನುಂಗುವಾಗ ನಾಲಿಗೆಯನ್ನು ಹಲ್ಲಿನ ನಡುವೆ ಹೊರಗೆ ತಳ್ಳುವ ಮಗು ನಮ್ಮ ಓಣಿಗಳಲ್ಲೇ ಇರುತ್ತವೆ. ಹಾಲು ಕುಡಿಯುವ ಕೂಸು ನಾಲಿಗೆಯನ್ನು ಮುಂದೆ ತಳ್ಳಿ ನುಂಗುವುದು ಸಹಜ. ಹಲ್ಲು ಬಂದು ಗಟ್ಟಿ ಆಹಾರ ತಿನ್ನತೊಡಗಿದಂತೆ ಅದು ಬದಲಾಗಬೇಕು. ಬದಲಾಗದೆ ಉಳಿದರೆ ದಿನಕ್ಕೆ ನೂರಾರು ಬಾರಿ ನುಂಗುವಾಗಲೂ, ಬಿಡುವಿನಲ್ಲೂ ನಾಲಿಗೆ ಹಲ್ಲಿಗೆ ಒತ್ತಿಕೊಂಡೇ ಇರುತ್ತದೆ. ಮುಂದಿನ ಹಲ್ಲುಗಳ ನಡುವೆ ಸಂದಿ ಉಳಿಯಬಹುದು. ತಂತಿ ಹಾಕಿ ಹಲ್ಲು ಸರಿಮಾಡಿದರೂ ನಾಲಿಗೆಯ ಅಭ್ಯಾಸ ಹೋಗದಿದ್ದರೆ ಹಲ್ಲು ಮತ್ತೆ ಸರಿಯುತ್ತದೆ.

ಚಿಕಿತ್ಸೆ ಆಟದಂತಿರುತ್ತದೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ಇಟ್ಟು ನುಂಗುವುದು, ಟಾಂಗಾ ಕುದುರೆಯಂತೆ ಟಕ್ ಟಕ್ ಸದ್ದು ಮಾಡುವುದು, ದಾರ ಕಟ್ಟಿದ ದೊಡ್ಡ ಗುಂಡಿಯನ್ನು ತುಟಿಯ ಹಿಂದೆ ಇಟ್ಟು ಎಳೆದಾಗ ಬಿಡದಿರುವುದು. ಇದನ್ನು ದೊಡ್ಡವರು ಎದುರಿಗಿದ್ದಾಗಲೇ ಮಾಡಿಸಬೇಕು.

ಆದರೆ ಮೊದಲು ಕಾರಣ, ಆಮೇಲೆ ಕಸರತ್ತು. ಮಗು ಬಾಯಲ್ಲಿ ಉಸಿರಾಡುವುದು ಮೂಗಿನ ಹಿಂದೆ ಅಡೆನಾಯ್ಡ್ ಗ್ರಂಥಿ ಊದಿ ದಾರಿ ಮುಚ್ಚಿದ್ದರಿಂದ ಇರಬಹುದು. ಹಾಗಿದ್ದರೆ "ಬಾಯಿ ಮುಚ್ಚು" ಎಂದು ಗದರಿ ಏನು ಫಲ? ಮೊದಲು ಇಎನ್‌ಟಿ ವೈದ್ಯರು ಮೂಗಿನ ದಾರಿ ನೋಡಬೇಕು. ಮೊಬೈಲ್ ವಿಡಿಯೋ ನೋಡಿ ಮಗುವಿನ ಬಾಯಿಗೆ ಟೇಪ್ ಅಂಟಿಸುವುದಂತೂ ಅಪಾಯ.

ಸೀಳುತುಟಿ, ಸೀಳು ಅಂಗುಳದ ಮಕ್ಕಳ ವಿಷಯದಲ್ಲೂ ಇದೇ ಕ್ರಮ. ಗ್ರಹಣದ ದಿನ ತಾಯಿ ಹೊರಗೆ ಬಂದದ್ದರಿಂದ ಹೀಗಾಯಿತು ಎನ್ನುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಗರ್ಭದಲ್ಲಿ ತುಟಿಯ ಭಾಗಗಳು ಸುಮಾರು ಏಳನೇ ವಾರದ ಹೊತ್ತಿಗೆ, ಅಂಗುಳದ ಭಾಗಗಳು ಸುಮಾರು ಹನ್ನೆರಡನೇ ವಾರದ ಹೊತ್ತಿಗೆ ಕೂಡಿಕೊಳ್ಳಬೇಕು. ಕೂಡದಿದ್ದರೆ ಸೀಳು ಉಳಿಯುತ್ತದೆ. ಅದಕ್ಕೂ ಸೂರ್ಯಚಂದ್ರರಿಗೂ ಸಂಬಂಧವಿಲ್ಲ. ಪ್ರವಾದಿಯವರ (ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಗಿತ್ತು. ಅದು ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಸಂಭವಿಸುವುದಲ್ಲ ಎಂದು ಅವರು ಅಂದೇ ಜನರಿಗೆ ತಿಳಿಸಿದ್ದರು. ಇಷ್ಟು ತಿಳಿದ ನಾವು ತಾಯಿಯ ಮೇಲೆ ತಪ್ಪು ಹೊರಿಸುವುದು ನ್ಯಾಯವೇ? ತುಟಿಯ ಶಸ್ತ್ರಚಿಕಿತ್ಸೆ ಮೊದಲ ಕೆಲವು ತಿಂಗಳಲ್ಲಿ, ಅಂಗುಳದ್ದು ಸುಮಾರು ಒಂದೂವರೆ ವರ್ಷದೊಳಗೆ ಆಗುವುದು ಒಳ್ಳೆಯದು. ಆಮೇಲೆ ಮಾತಿನ ತರಬೇತಿ. ಶಸ್ತ್ರಚಿಕಿತ್ಸೆ ಮುಗಿಯಿತೆಂದು ಅಲ್ಲಿಗೇ ಬಿಟ್ಟರೆ ಮಾತು ಮೂಗಿನಲ್ಲೇ ಉಳಿಯಬಹುದು. ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯದಲ್ಲಿ ಇದಕ್ಕಾಗಿಯೇ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ಪತ್ತೆಮಾಡುವ ತೊಂದರೆಗಳಲ್ಲಿ ಸೀಳುತುಟಿ, ಸೀಳು ಅಂಗುಳವೂ ಸೇರಿವೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಮೂರು ಬೆರಳಿನ ಪರೀಕ್ಷೆ

ಈಗ ನಮ್ಮ ವಯಸ್ಸಿನವರ ವಿಷಯ. ನಿಮ್ಮ ತೋರುಬೆರಳು, ನಡುಬೆರಳು, ಉಂಗುರ ಬೆರಳು ಈ ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಹಿಡಿಸಬೇಕು. ಎರಡೇ ಬೆರಳು ಹಿಡಿಸಿದರೆ, ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆಯ ಒಳಭಾಗ ಬೆಳ್ಳಗೆ ಗಡುಸಾಗಿದ್ದರೆ ದಂತವೈದ್ಯರನ್ನು ಕಾಣಬೇಕು. ಗುಟ್ಕಾ, ಮಾವಾ, ಬರೀ ಅಡಿಕೆ ಜಗಿಯುವವರಲ್ಲಿ ಬರುವ ಈ ರೋಗಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಇದನ್ನು ಮೊದಲು ವರದಿ ಮಾಡಿದ್ದು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ. ಅಡಿಕೆಯ ರಾಸಾಯನಿಕಗಳಿಂದ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆದು ಹಗ್ಗದಂತೆ ಬಿಗಿಯುತ್ತದೆ. ಬಾಯಿ ತೆರೆಯುವುದು ಕಡಿಮೆಯಾಗುತ್ತ ರೊಟ್ಟಿಯ ತುತ್ತೂ ಒಳಗೆ ಹೋಗದ ಸ್ಥಿತಿ ಬರಬಹುದು. ಇದು ಕ್ಯಾನ್ಸರಿಗೂ ತಿರುಗಬಲ್ಲದು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ.

ಇದಕ್ಕೂ ವ್ಯಾಯಾಮವಿದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು, ವಾರಗಳು ಕಳೆದಂತೆ ಒಂದೊಂದೇ ಕಡ್ಡಿ ಹೆಚ್ಚಿಸುತ್ತಾರೆ. ಔಷಧಿಯ ಜೊತೆ ಇದನ್ನು ಮಾಡಿದರೆ ಬಾಯಿ ಕೆಲವು ಮಿಲಿಮೀಟರ್ ಹೆಚ್ಚು ತೆರೆಯುತ್ತದೆ. ಆದರೆ ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಜಗಿಯುವುದನ್ನು ಬಿಡದೆ ಕಡ್ಡಿ ಇಟ್ಟುಕೊಳ್ಳುವುದು ಒಡೆದ ಕೊಡಕ್ಕೆ ನೀರು ತುಂಬಿದಂತೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಬೇರೆ, ತಂಬಾಕು ಬೇರೆ ಚೀಟಿಯಾಗಿ ಅಂಗಡಿಯಲ್ಲಿ ತೂಗಿದವು. ಎರಡನ್ನೂ ಅಂಗೈಯಲ್ಲಿ ಬೆರೆಸುವವರಲ್ಲಿ ನಮ್ಮ ಜೊತೆ ಬಸ್ ಹತ್ತುವವರೂ ಇದ್ದಾರೆ.

ಎಲ್ಲಕ್ಕೂ ಇದೇ ಮದ್ದಲ್ಲ

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮಧ್ಯಮ ಪ್ರಮಾಣದಲ್ಲಿದ್ದ 31 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಮೂರು ತಿಂಗಳು ನಾಲಿಗೆ ಮತ್ತು ಗಂಟಲಿನ ವ್ಯಾಯಾಮ ಮಾಡಿದ ಗುಂಪಿನಲ್ಲಿ ಗಂಟೆಗೆ ಸರಾಸರಿ 22 ಬಾರಿ ಆಗುತ್ತಿದ್ದ ಉಸಿರಿನ ಅಡಚಣೆ 14ಕ್ಕೆ ಇಳಿಯಿತು. ಒಳ್ಳೆಯ ಫಲವೇ. ಆದರೆ ಗುಂಪು ಚಿಕ್ಕದು, ತೊಂದರೆ ಪೂರ್ತಿ ಹೋಗಿಲ್ಲ. ಇಷ್ಟರ ಮೇಲೆ ವ್ಯಾಯಾಮ ಎಲ್ಲವನ್ನೂ ಗುಣಪಡಿಸುತ್ತದೆ ಎನ್ನಲಾಗದು. ನಮ್ಮ ಗೆಳೆಯರು ರೀಲ್ಸ್ ನೋಡಿ ಮಾಡುವ 'ಮ್ಯೂಯಿಂಗ್' ಕೂಡ ಹಾಗೆಯೇ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡು ಕುಳಿತರೆ ಹದಿನೇಳರ ಹುಡುಗನ ದವಡೆಯ ಮೂಳೆ ಹೊಸ ಆಕಾರಕ್ಕೆ ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಯಾರ ಬಳಿ ಹೋಗುವುದು, ಯಾರು ಕಲಿಯುವುದು

ಸ್ಪೀಚ್ ಥೆರಪಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಹೋದಾಗ ಅದನ್ನು ಕೇಳಲು ಸಂಕೋಚ ಬೇಡ. ನಮ್ಮ ಕಡೆಯವರಿಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಮತ್ತು ದಂತ ಕಾಲೇಜುಗಳು ಹತ್ತಿರ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ. ಬಾಯಿ ಮತ್ತು ಮುಖದ ರಚನಾ ದೋಷಗಳಿಗೆ ಅಲ್ಲಿ ಪ್ರತ್ಯೇಕ ಘಟಕವಿದೆ. ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಅಲ್ಲಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಬಿಎಎಸ್‌ಎಲ್‌ಪಿ ಪದವಿಯೂ ಇದೆ. ನೀಟ್ ಅಂಕಗಳ ಆಚೆಗೆ ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.

ಮಾತಿನ ಚಿಕಿತ್ಸೆ ಮಗುವಿನ ಮನೆಮಾತಿನಲ್ಲಿ ನಡೆದರೆ ಹೆಚ್ಚು ಫಲ. ಖಾನಾಪುರ ತಾಲೂಕಿನಲ್ಲಿ ಒಂದು ಮನೆಯಲ್ಲಿ ಮರಾಠಿ, ಪಕ್ಕದ ಮನೆಯಲ್ಲಿ ಕೊಂಕಣಿ, ಎದುರು ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ. ಬೇರೆ ಊರಿನಿಂದ ಬಂದ ಥೆರಪಿಸ್ಟ್ ಈ ನಾಲ್ಕನ್ನೂ ಕಲಿಯಲು ವರ್ಷಗಳು ಬೇಕು. ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವರಿಗೂ ಈ ನಾಲ್ಕು ಭಾಷೆ ಈಗಲೇ ಬರುತ್ತವೆ. ನಾಲಿಗೆ ಎಲ್ಲಿ ತಾಗಬೇಕೆಂಬ ಪಾಠವನ್ನು ಮದ್ರಸಾದಲ್ಲಿ ಒಮ್ಮೆ, ಕನ್ನಡ ತರಗತಿಯಲ್ಲಿ ಒಮ್ಮೆ ಕಲಿತೂ ಆಗಿದೆ. ಇನ್ನು ಬೇಕಾಗಿರುವುದು ಪ್ರವೇಶದ ಅರ್ಜಿಯೊಂದೇ.